ಹಳೆಯ ಬುಲೆಟ್ 350: ಪಾಯಿಂಟ್ ಬದಲಿಸಿದ ಮೇಲೆ ಕಿಕ್ಕರ್ ವಾಪಸು ಹೊಡೆಯುತ್ತಿದೆ

ಪ್ರಶ್ನೆ: ನನ್ನ 1984ರ ಬುಲೆಟ್‌ಗೆ ಹೊಸ ಸಿಬಿ ಪಾಯಿಂಟ್ (ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಕಾಂಟ್ಯಾಕ್ಟ್ ಬ್ರೇಕರ್ ಸ್ವಿಚ್) ಹಾಕಿದ ಮೇಲೆ ಕಿಕ್ಕರ್ ಕಾಲಿಗೆ ವಾಪಸು ಹೊಡೆಯುತ್ತಿದೆ. ತೆಳು ಪಟ್ಟಿಗಳ ಅಳತೆ ಸಾಧನವಾದ ಫೀಲರ್ ಗೇಜ್‌ನಲ್ಲಿ ಪಾಯಿಂಟ್ ತೆರೆದಾಗಿನ ಗ್ಯಾಪ್ 0.38 ಮಿ.ಮೀ. ಇದೆ. ಟೈಮಿಂಗನ್ನೂ (ಕಿಡಿ ಹಾರುವ ಕ್ಷಣವನ್ನೂ) ಹೊಂದಿಸಬೇಕೇ?

ಉತ್ತರ 1: ಹೊಂದಿಸಲೇಬೇಕು ಸರ್. ಗ್ಯಾಪ್ ಹೆಚ್ಚಿದಷ್ಟೂ ಪಾಯಿಂಟ್ ಬೇಗ ತೆರೆದು ಕಿಡಿ ಮುಂಚಿತವಾಗಿ ಹಾರಿ, ಪಿಸ್ಟನ್ ಹಿಂದಕ್ಕೆ ತಳ್ಳಲ್ಪಟ್ಟು ಕಿಕ್ಕರ್ ಒದೆಯುವುದರಿಂದ, ಮೊದಲು ಗ್ಯಾಪ್, ಆಮೇಲೆ ಟೈಮಿಂಗ್ ಎಂಬ ಕ್ರಮವನ್ನು ಬಿಡಬಾರದು. ಪ್ಲಗ್ ಬಿಚ್ಚಿ, ಟಾಪ್ ಗೇರ್‌ಗೆ ಹಾಕಿ, ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟಲು 0.8 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ಪಾಯಿಂಟ್‌ಗಳ ನಡುವೆ ಸಿಗರೇಟಿನ ತೆಳು ಕಾಗದವಿಟ್ಟು ಮೆಲ್ಲಗೆ ಎಳೆಯುತ್ತ, ಪಾಯಿಂಟ್ ಕುಳಿತಿರುವ ಪ್ಲೇಟ್ ತಿರುಗಿಸಿ, ಹಿಡಿತ ಸಡಿಲಿ ಕಾಗದ ಜಾರುವ ಜಾಗದಲ್ಲಿ ಪ್ಲೇಟನ್ನು ಬಿಗಿ ಮಾಡಬೇಕು.

ಉತ್ತರ 2: ಆ 0.8 ಮಿ.ಮೀ. ಲೆಕ್ಕ ಆಟೋ ಅಡ್ವಾನ್ಸ್ (ಎಂಜಿನ್ ವೇಗ ಹೆಚ್ಚಿದಂತೆ ತೂಕಗಳು ಹೊರಚಾಚಿ ಕಿಡಿಯನ್ನು ಮುಂಚಿತಗೊಳಿಸುವ ಸಾಧನ) ಪೂರ್ತಿ ಹಿಂದಕ್ಕೆ ಕುಳಿತಿರುವಾಗ ಮಾತ್ರ ಅನ್ವಯಿಸುತ್ತದೆ. ಪ್ಲೇಟಿನ ಹಿಂದಿರುವ ಅದರ ಸ್ಪ್ರಿಂಗ್ ಸೋತು ತೂಕಗಳು ಹೊರಚಾಚಿಕೊಂಡೇ ಉಳಿದಿದ್ದರೆ, ಟೈಮಿಂಗ್ ಎಷ್ಟು ಸರಿ ಮಾಡಿದರೂ ಒದೆತ ತಪ್ಪದು.

ಉತ್ತರ 3: ಕಾಗದಕ್ಕಿಂತ ನನಗೆ ಬಲ್ಬ್ ಮೇಲೆಯೇ ನಂಬಿಕೆ. ಬ್ಯಾಟರಿಯ ವೋಲ್ಟೇಜಿಗೆ ಹೊಂದುವ ಚಿಕ್ಕ ಬಲ್ಬಿನ ಒಂದು ತಂತಿಯನ್ನು ಪಾಯಿಂಟ್ ಟರ್ಮಿನಲ್‌ಗೆ, ಇನ್ನೊಂದನ್ನು ಅರ್ಥ್‌ಗೆ ಕೊಟ್ಟು ಇಗ್ನಿಷನ್ ಆನ್ ಮಾಡಿದರೆ, ಪಾಯಿಂಟ್ ತೆರೆದೊಡನೆ ಅದು ಹೊತ್ತಿಕೊಳ್ಳುತ್ತದೆ.