ಫ್ರಾಂಕ್‌ಫರ್ಟಿನಲ್ಲಿ ಕಳೆದ ಪಾಸ್‌ಪೋರ್ಟು: ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕ, ಭಾವ, ಗುಂಪಿನಲ್ಲಿರುವ ಎಲ್ಲ ಹಿರಿಯರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ಬಂದಿರುವ ಸಂದೇಶಗಳನ್ನೆಲ್ಲ ಕೇಳಿದ್ದೇನೆ. ತಡವಾಗಿ ನೋಡುತ್ತಿರುವವರಿಗಾಗಿ ಎರಡು ಮಾತು: ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗ ತಂಗಿಯ ಮದುವೆಗೆಂದು ನಿನ್ನೆ ಶುಕ್ರವಾರ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಹೊರಟಿದ್ದ, ವಿಮಾನ ನಿಲ್ದಾಣದ ಒಳಗೆ ಪಾಸ್‌ಪೋರ್ಟು ಕಳೆದುಹೋಯಿತು, ವಿಮಾನ ಹೊರಟುಹೋಯಿತು, ಅವನು ಮನೆಗೆ ಮರಳಿದ್ದಾನೆ. ಧಾರೆ ಮುಂದಿನ ಭಾನುವಾರ. ಅಕ್ಕ, ನೀವು ಅಳುತ್ತಲೇ ಕೇಳಿದ್ದು ಇಷ್ಟು: "ಎಮರ್ಜೆನ್ಸಿ ಸರ್ಟಿಫಿಕೇಟ್ ಅಂತ ಕೊಡುತ್ತಾರಂತೆ, ಅದನ್ನು ಹಿಡಿದುಕೊಂಡು ಬಂದುಬಿಡಲಿ, ಮಿಕ್ಕಿದ್ದನ್ನು ಇಲ್ಲಿ ನೋಡಿಕೊಳ್ಳೋಣ." ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನಾನು ನಿಮಗೂ ಅವನಿಗೂ ಅನ್ಯಾಯ ಮಾಡಿದಂತೆ ಆಗುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಕೇಳಿ.

ಪಾಸ್‌ಪೋರ್ಟು ಕಳೆದಾಗ ಮಾಡಬೇಕಾದ ಕೆಲಸಗಳು ಹತ್ತಾರು ಇದ್ದರೂ ಅವುಗಳಲ್ಲಿ ಬಹುಪಾಲು ಇಂದು ಆಗದಿದ್ದರೆ ನಾಳೆ ಮಾಡಬಹುದಾದವು, ತಪ್ಪಾದರೆ ತಿದ್ದಿಕೊಳ್ಳಬಹುದಾದವು. ಆದರೆ ಎರಡು ಹೆಜ್ಜೆಗಳು ಮಾತ್ರ ಹಾಗಲ್ಲ. ಒಂದು, ಪಾಸ್‌ಪೋರ್ಟು ಕಳೆದಿದೆ ಎಂದು ಅಧಿಕೃತವಾಗಿ ಬರೆದುಕೊಡುವುದು. ಇನ್ನೊಂದು, ನೀವು ಹೇಳುತ್ತಿರುವ ಎಮರ್ಜೆನ್ಸಿ ಸರ್ಟಿಫಿಕೇಟ್, ಅಂದರೆ ಪಾಸ್‌ಪೋರ್ಟಿನ ಬದಲಿಗೆ ಕೊಡುವ ತಾತ್ಕಾಲಿಕ ಪ್ರಯಾಣ ಪತ್ರ, ಪಡೆದು ಭಾರತಕ್ಕೆ ಹೊರಡುವುದು. ಇವೆರಡನ್ನೂ ಇಟ್ಟ ಮೇಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಆದ್ದರಿಂದ ಇವೆರಡನ್ನು ಮಾತ್ರ ಗಾಬರಿಯಲ್ಲಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂದು ಬೆಳಿಗ್ಗೆ ಅವನೊಂದಿಗೆ ಫೋನಿನಲ್ಲಿ ಬಹಳ ಹೊತ್ತು ಮಾತನಾಡಿ, ನಿನ್ನೆ ಏನೇನಾಯಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಕೇಳಿದೆ. ಚೆಕ್‌ಇನ್ ಕೌಂಟರಿನಲ್ಲಿ ಸೂಟ್‌ಕೇಸು ಒಪ್ಪಿಸಿದಾಗ ಅಲ್ಲಿನವರು ಬೋರ್ಡಿಂಗ್ ಪಾಸನ್ನು ಪಾಸ್‌ಪೋರ್ಟಿನ ಪುಟಗಳ ನಡುವೆ ಸೇರಿಸಿ ಕೊಟ್ಟಿದ್ದಾರೆ. ಭದ್ರತಾ ತಪಾಸಣೆಗೆ ಹೋಗುವ ದಾರಿಯಲ್ಲಿ, ಬೋರ್ಡಿಂಗ್ ಪಾಸನ್ನು ಗಾಜಿನ ಮೇಲೆ ಇಟ್ಟರೆ ತೆರೆದುಕೊಳ್ಳುವ ಗೇಟಿನ ಎದುರು, ಅವನು ಪುಟಗಳ ನಡುವಿನಿಂದ ಅದನ್ನು ಹೊರಗೆ ತೆಗೆದಿದ್ದಾನೆ. ಅಂದರೆ ಅಲ್ಲಿಯವರೆಗೆ ಪಾಸ್‌ಪೋರ್ಟು ಕೈಯಲ್ಲೇ ಇತ್ತು. ಆಮೇಲೆ ಕೋಟು, ಬೆಲ್ಟು, ಲ್ಯಾಪ್‌ಟಾಪು ಎಲ್ಲವನ್ನೂ ಟ್ರೇಗಳಲ್ಲಿ ಹಾಕಿ ದಾಟಿ, ಪಾಸ್‌ಪೋರ್ಟ್ ಕಂಟ್ರೋಲಿನ ಸಾಲಿನಲ್ಲಿ ನಿಂತಾಗ ಕೈಯಲ್ಲಿದ್ದದ್ದು ಬೋರ್ಡಿಂಗ್ ಪಾಸು ಮಾತ್ರ. ಹಾಗಾದರೆ ಅದು ಹೋಗಿರುವುದು ಗೇಟಿಗೂ ಆ ಸಾಲಿಗೂ ನಡುವಿನ ಸಣ್ಣ ಜಾಗದಲ್ಲಿ, ಬಹುಶಃ ಟ್ರೇಯ ತಳದಲ್ಲಿ ಕೋಟಿನ ಅಡಿಯಲ್ಲಿ. ಅವನು ನಿನ್ನೆ ವಿಚಾರಿಸಿದ್ದು ವಿಮಾನ ಕಂಪನಿಯ ಕೌಂಟರಿನಲ್ಲಿ ಮಾತ್ರ. ಆದರೆ ವಸ್ತು ಬಿದ್ದ ಜಾಗ ಆ ಕಂಪನಿಯದಲ್ಲ. ತಪಾಸಣೆಯ ಜಾಗದಲ್ಲಿ ಸಿಕ್ಕ ವಸ್ತು ಅಲ್ಲಿನ ಸಿಬ್ಬಂದಿಯ ಕೈಯಿಂದ ವಿಮಾನ ನಿಲ್ದಾಣದ ಫುಂಡ್‌ಬ್ಯೂರೊಗೆ, ಅಂದರೆ ಕಳೆದ ವಸ್ತುಗಳ ಕಚೇರಿಗೆ ಹೋಗಬಹುದು. ಗುರುತಿನ ದಾಖಲೆಯಾದ್ದರಿಂದ ನೇರವಾಗಿ ಗಡಿ ಕಾಯುವ ಫೆಡರಲ್ ಪೊಲೀಸರ ಕೈಗೂ ಸೇರಬಹುದು. ವಿಮಾನದೊಳಗೆ ಬಿದ್ದಿದ್ದರೆ ಮಾತ್ರ ಕಂಪನಿಯವರ ಬಳಿ ಇರುತ್ತಿತ್ತು. ಆದ್ದರಿಂದ ಇಂದೇ ಅವನನ್ನು ಮತ್ತೆ ನಿಲ್ದಾಣಕ್ಕೆ ಕಳುಹಿಸಿದ್ದೇನೆ. ಮೊದಲು ಫುಂಡ್‌ಬ್ಯೂರೊ, ನಂತರ ಪೊಲೀಸ್ ಠಾಣೆ. ಅಲ್ಲಿ ಮೊದಲ ಮಾತು "ನನ್ನ ಪಾಸ್‌ಪೋರ್ಟನ್ನು ಯಾರಾದರೂ ತಂದು ಕೊಟ್ಟಿದ್ದಾರೆಯೇ" ಎಂಬುದೇ ಆಗಿರಲಿ, ದೂರು ಅದರ ನಂತರ, ಎಂದು ಹೇಳಿದ್ದೇನೆ.

ಈ ಕ್ರಮವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಳೆದಿದೆ ಎಂದು ಇಲ್ಲಿನ ಭಾರತದ ಕಾನ್ಸುಲೇಟಿಗೆ, ಅಂದರೆ ನಮ್ಮ ಸರ್ಕಾರದ ಕಚೇರಿಗೆ, ಬರೆದುಕೊಟ್ಟು ಹೊಸದಕ್ಕೆ ಅರ್ಜಿ ಹಾಕಿದ ಮೇಲೆ ಆ ಪಾಸ್‌ಪೋರ್ಟು ರದ್ದಾಗುತ್ತದೆ. ಕಳೆದ ಮತ್ತು ಕಳುವಾದ ಪ್ರಯಾಣ ದಾಖಲೆಗಳ ಸಂಖ್ಯೆಗಳನ್ನು ಒಂದೆಡೆ ಇಡುವ ವ್ಯವಸ್ಥೆಯನ್ನು ಇಂಟರ್‌ಪೋಲ್ 2002ರಿಂದ ನಡೆಸುತ್ತಿದೆ. ಪಾಸ್‌ಪೋರ್ಟು ಕೊಟ್ಟ ದೇಶವೇ ಅದಕ್ಕೆ ಸಂಖ್ಯೆಯನ್ನು ಸೇರಿಸುತ್ತದೆ, ಬೇರೆ ಬೇರೆ ದೇಶಗಳ ಗಡಿ ಅಧಿಕಾರಿಗಳು ಅದನ್ನು ನೋಡುತ್ತಾರೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ದೂರು, ಅರ್ಜಿ ಎಲ್ಲವನ್ನೂ ಆತುರದಲ್ಲಿ ಮುಗಿಸಿದ ಮೇಲೆ ಪಾಸ್‌ಪೋರ್ಟು ಲ್ಯಾಪ್‌ಟಾಪ್ ಚೀಲದ ಒಳಜೇಬಿನಲ್ಲೇ ಸಿಕ್ಕಿತು. ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಅದನ್ನೇ ಹಿಡಿದು ಹೊರಟವರನ್ನು ಗಡಿ ತಪಾಸಣೆಯಲ್ಲಿ ನಿಲ್ಲಿಸಿದರು; ಹೆಂಡತಿ ಮಕ್ಕಳು ವಿಮಾನ ಹತ್ತಿದರು, ಅವರು ಉಳಿದರು. ನಮ್ಮವನಿಗೂ ಈ ಮಾತನ್ನು ಸ್ಪಷ್ಟವಾಗಿ ಹೇಳಿದ್ದೇನೆ: ಒಮ್ಮೆ ಬರೆದುಕೊಟ್ಟ ಮೇಲೆ ಹಳೆಯದು ನಾಳೆಯೇ ಅಂಚೆಯಲ್ಲಿ ಬಂದರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ, ಅದನ್ನು ಕಾನ್ಸುಲೇಟಿಗೆ ಒಪ್ಪಿಸಬೇಕು.

ಹಾಗೆಂದು ದಿನಗಟ್ಟಲೆ ಹುಡುಕುತ್ತ ಕೂರುವುದೂ ಸರಿಯಲ್ಲ. ಬೇರೆಯವರ ಕೈಗೆ ಸಿಕ್ಕಿದ್ದರೆ ದುರುಪಯೋಗವಾದೀತು ಎಂಬ ಭಯ ಒಂದು ಕಡೆ. ಪಾಸ್‌ಪೋರ್ಟು ಕಳೆದುಕೊಂಡ ವಿದೇಶಿಯರು ವಿಳಂಬ ಮಾಡದೆ ಇಲ್ಲಿನ ವಿದೇಶಿಯರ ಕಚೇರಿಗೆ ತಿಳಿಸಬೇಕು ಎಂಬ ಜರ್ಮನಿಯ ನಿಯಮ ಇನ್ನೊಂದು ಕಡೆ. ಹೀಗಾಗಿ ಗಡುವನ್ನು ಇಂದು ಸಂಜೆಗೆ ಇಟ್ಟುಕೊಂಡಿದ್ದೇವೆ. ಅಷ್ಟರೊಳಗೆ ಸಿಗದಿದ್ದರೆ ನಿಲ್ದಾಣದ ಪೊಲೀಸರಲ್ಲಿಯೇ ದೂರು ಕೊಟ್ಟು, ಮೊಹರು ಮತ್ತು ದೂರಿನ ಸಂಖ್ಯೆ ಇರುವ ಕಾಗದವನ್ನು ಪಡೆದೇ ಅವನು ಅಲ್ಲಿಂದ ಹೊರಡುತ್ತಾನೆ. ಆ ಕಾಗದವಿಲ್ಲದೆ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ. ಅದರಲ್ಲಿ "ಕಳೆದಿದೆ" ಎಂದೇ ಬರೆಸಬೇಕು. ಕಳುವಾದದ್ದನ್ನು ಕಣ್ಣಾರೆ ಕಂಡಿಲ್ಲದಿರುವಾಗ "ಕಳುವಾಗಿದೆ" ಎಂದು ಬರೆಸಿದರೆ, ಮುಂದೆ ಕಾನ್ಸುಲೇಟಿನ ಅಫಿಡವಿಟ್ಟಿನಲ್ಲಿ ಹೇಳುವ ಮಾತಿಗೂ ಇದಕ್ಕೂ ಹೊಂದಿಕೆಯಾಗದೆ ಅನಗತ್ಯ ಪ್ರಶ್ನೆಗಳು ಏಳುತ್ತವೆ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಎಮರ್ಜೆನ್ಸಿ ಸರ್ಟಿಫಿಕೇಟ್ ಎಂಬುದು ಇದೆ, ಡಾರ್ಮ್‌ಸ್ಟಾಟ್ ಸೇರಿರುವ ಹೆಸ್ಸೆನ್ ರಾಜ್ಯದಲ್ಲಿ ಇರುವವರಿಗೆ ಅದನ್ನು ಕೊಡುವುದು ಫ್ರಾಂಕ್‌ಫರ್ಟಿನಲ್ಲಿರುವ ಭಾರತದ ಕಾನ್ಸುಲೇಟ್. ಹಳೆಯ ಪಾಸ್‌ಪೋರ್ಟಿನ ಪ್ರತಿ, ಪೊಲೀಸ್ ಕಾಗದ, ಟಿಕೆಟು, ಮದುವೆಯ ಕರೆಯೋಲೆ ಇವೆಲ್ಲ ಇದ್ದು, ಅವನು ಭಾರತೀಯ ಪ್ರಜೆ ಎಂಬುದು ಅವರಿಗೆ ಖಾತ್ರಿಯಾದರೆ, ಹೊಸ ಪಾಸ್‌ಪೋರ್ಟಿಗಿಂತ ಬಹಳ ಬೇಗ ಅದು ಸಿಗುವ ಸಾಧ್ಯತೆಯಿದೆ. ಆದರೆ ಅದು ಭಾರತಕ್ಕೆ ಹೋಗಲು ಮಾತ್ರ, ಒಂದೇ ಸಲ, ಒಂದೇ ದಿಕ್ಕಿಗೆ. ಬೆಂಗಳೂರಿನಲ್ಲಿ ಇಳಿದ ಗಳಿಗೆಗೆ ಅದರ ಕೆಲಸ ಮುಗಿಯಿತು. ಅದನ್ನು ತೋರಿಸಿ ಜರ್ಮನಿಗೆ ಮರಳಲು ಆಗುವುದಿಲ್ಲ. ಕೊಲ್ಲಿಯ ಕಡೆ ವಿಮಾನ ಬದಲಿಸುವ ಅಗ್ಗದ ಟಿಕೆಟುಗಳಲ್ಲಿ ಅದನ್ನು ಒಪ್ಪದೇ ಇರಬಹುದಾದ್ದರಿಂದ, ಹೊರಡುವುದಾದರೆ ಫ್ರಾಂಕ್‌ಫರ್ಟಿನಿಂದ ನೇರವಾಗಿ ಭಾರತದಲ್ಲಿ ಇಳಿಯುವ ವಿಮಾನವನ್ನೇ ಹಿಡಿಯಬೇಕು, ಹಣ ಹೆಚ್ಚಾದರೂ ಸರಿ.

ಬಂದ ಮೇಲೆ ಅಲ್ಲಿಯೇ ಹೊಸ ಪಾಸ್‌ಪೋರ್ಟು ಮಾಡಿಸಬೇಕು. ಕಳೆದದ್ದರ ಬದಲಿಗೆ 36 ಪುಟಗಳದ್ದನ್ನು ಮಾಡಿಸಲು ಊರಿನಲ್ಲಿ 3000 ರೂಪಾಯಿ ಶುಲ್ಕವಿದೆ, ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಕಾಲದ್ದು. ಕಳೆದ ಪಾಸ್‌ಪೋರ್ಟಿನ ಅರ್ಜಿಗೆ ಪೊಲೀಸ್ ಪರಿಶೀಲನೆ ಇರುತ್ತದೆ, ಹಳೆಯ ಕಡತ ನೋಡುತ್ತಾರೆ, ಅವನು ರಜೆ ಮುಗಿಯಿತೆಂದು ಅವಸರಪಟ್ಟರೂ ಕಡತ ಅವಸರಪಡುವುದಿಲ್ಲ. ಒಂದು ಸಮಾಧಾನವೆಂದರೆ ಇಲ್ಲಿನ ವಾಸದ ಪರವಾನಗಿ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿಯಲ್ಲ. 2011ರಿಂದ ಅದನ್ನು ಪ್ರತ್ಯೇಕ ಕಾರ್ಡಾಗಿ ಕೊಡುತ್ತಿದ್ದಾರೆ, ಆ ಕಾರ್ಡು ಅವನ ಪರ್ಸಿನಲ್ಲಿ ಭದ್ರವಾಗಿದೆ. ಅವನದು ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿ ಕೆಲಸಕ್ಕೆ ಬಂದ ವಿದೇಶಿಯರಿಗೆ ಕೊಡುವ ಪರವಾನಗಿ ಆದ್ದರಿಂದ 12 ತಿಂಗಳವರೆಗೆ ಯುರೋಪಿನ ಹೊರಗೆ ಉಳಿದರೂ ಆ ಕಾರಣಕ್ಕೆ ಪರವಾನಗಿ ಬಿದ್ದುಹೋಗುವುದಿಲ್ಲ. ಸಾಮಾನ್ಯ ಪರವಾನಗಿಯವರಿಗೆ ಈ ಮಿತಿ ಆರು ತಿಂಗಳು. ಆದರೆ ಆ ಕಾರ್ಡಿನ ಮೇಲೆ ಕಳೆದುಹೋದ ಪಾಸ್‌ಪೋರ್ಟಿನ ಸಂಖ್ಯೆಯೇ ಅಚ್ಚಾಗಿದೆ. ಬೆಂಗಳೂರಿನ ಕೌಂಟರಿನಲ್ಲಿ ಕೂತ ವಿಮಾನ ಕಂಪನಿಯ ಹುಡುಗಿ ಹೊಸ ಪಾಸ್‌ಪೋರ್ಟಿನ ಸಂಖ್ಯೆ ಒಂದು, ಕಾರ್ಡಿನ ಸಂಖ್ಯೆ ಇನ್ನೊಂದು ಎಂಬುದನ್ನು ಕಂಡು ನಿಲ್ಲಿಸಿದರೆ ಆಗ ವಾದ ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ಅವನು ಹೊರಡುವುದೇ ಆದರೆ, ಹೊರಡುವ ಮುನ್ನವೇ ಡಾರ್ಮ್‌ಸ್ಟಾಟ್‌ನ ವಿದೇಶಿಯರ ಕಚೇರಿಗೆ ನಷ್ಟವನ್ನು ಬರಹದಲ್ಲಿ ತಿಳಿಸಿ, ಅವರ ಉತ್ತರದ ಪ್ರತಿ ಮತ್ತು ಪೊಲೀಸ್ ಕಾಗದದ ಮೂಲ ಎರಡನ್ನೂ ಜೊತೆಗೆ ತರಬೇಕು. ಅಲ್ಲಿ ತೊಡಕಾದರೆ ಬೆಂಗಳೂರಿನಲ್ಲಿಯೇ ಜರ್ಮನಿಯ ಕಾನ್ಸುಲೇಟ್ ಇದೆ, ಅವರನ್ನು ಕೇಳಬಹುದು.

ಇನ್ನೊಂದು ದಾರಿಯೆಂದರೆ ಇಲ್ಲಿಯೇ ಕಾನ್ಸುಲೇಟಿನ ಮೂಲಕ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಕಾಯುವುದು. ಆ ದಾರಿ ಹಿಡಿದರೆ ಕೆಲಸಕ್ಕೆ, ಮನೆಗೆ, ಪರವಾನಗಿಗೆ ಯಾವ ತೊಂದರೆಯೂ ಇಲ್ಲ. ಆದರೆ ಮದುವೆ ತಪ್ಪುವುದು ಬಹುತೇಕ ಖಚಿತ.

ನನ್ನ ಅಭಿಪ್ರಾಯ ಕೇಳಿದರೆ, ಒಂದು ಷರತ್ತಿನ ಮೇಲೆ ಅವನು ಬರಲಿ ಎಂದೇ ಹೇಳುತ್ತೇನೆ. ಒಡಹುಟ್ಟಿದ ತಂಗಿಯ ಮದುವೆ ಎರಡನೇ ಸಲ ನಡೆಯುವುದಿಲ್ಲ. ಅಣ್ಣ ನಿಂತು ಮಾಡಬೇಕಾದ ಶಾಸ್ತ್ರಗಳಿಗೆ ಬೇರೆಯವರನ್ನು ನಿಲ್ಲಿಸಿದರೆ ಪುಟ್ಟಿಗೂ ಅವನಿಗೂ ಅದು ಕೊನೆಯವರೆಗೆ ಕೊರೆಯುತ್ತದೆ. ಷರತ್ತು ಏನೆಂದರೆ, ಅವನ ಕಂಪನಿಯವರು ಹೊಸ ಪಾಸ್‌ಪೋರ್ಟು ಕೈಸೇರುವವರೆಗೆ, ಅದು ಎಷ್ಟೇ ವಾರವಾದರೂ, ರಜೆ ಕೊಡುತ್ತೇವೆಂದು ಬರಹದಲ್ಲಿ ಒಪ್ಪಬೇಕು. ಸೋಮವಾರ ಅವನು ಅವರನ್ನು ಕೇಳುತ್ತಾನೆ. ಅವರು ಒಪ್ಪದಿದ್ದರೆ ಅವನು ಇಲ್ಲಿಯೇ ಉಳಿಯಬೇಕು, ಆಗ ನಾವು ಯಾರೂ ಅವನ ಮೇಲೆ ಒತ್ತಡ ಹಾಕಬಾರದು. ಕೆಲಸ ಹೋದರೆ ಬ್ಲೂ ಕಾರ್ಡಿನ ಬುಡವೇ ಅಲುಗಾಡುತ್ತದೆ, ಮೂರು ವರ್ಷ ಅವನು ಕಷ್ಟಪಟ್ಟು ಕಟ್ಟಿಕೊಂಡದ್ದು ಅದು. ಅಕ್ಕ, ಈ ತೀರ್ಮಾನ ಅವನದಾಗಿರಲಿ. ನಿಮ್ಮ ಕಣ್ಣೀರು ಕೇಳಿದರೆ ಅವನು ಯೋಚಿಸದೆಯೇ ಹೊರಟುಬಿಡುತ್ತಾನೆ, ಆ ಹುಡುಗನ ಸ್ವಭಾವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗುಂಪಿನಲ್ಲಿ ಅವನ ಅಜಾಗರೂಕತೆಯ ಬಗ್ಗೆ ಬರೆದಿರುವ ಹಿರಿಯರಲ್ಲಿಯೂ ನನ್ನ ವಿನಂತಿ: ನಿನ್ನೆ ರಾತ್ರಿ ಅವನು ಊಟ ಮಾಡಿಲ್ಲ, ದಯವಿಟ್ಟು ಈ ವಾರ ಅವನಿಗೆ ಏನೂ ಹೇಳಬೇಡಿ.

ಶಿವಮೊಗ್ಗದ ಮನೆಯಲ್ಲಿ ಆಗಬೇಕಾದ ಕೆಲಸಗಳೂ ಇವೆ. ಬೀರುವಿನಲ್ಲಿ ಅವನು ಕಾಲೇಜಿನಲ್ಲಿದ್ದಾಗ ಮಾಡಿಸಿದ ಹಳೆಯ, ಮೂಲೆ ಕತ್ತರಿಸಿ ರದ್ದು ಮಾಡಿದ ಪಾಸ್‌ಪೋರ್ಟು ಇರಬೇಕು. ಅದನ್ನು, ಜನನ ಪ್ರಮಾಣಪತ್ರವನ್ನು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಹುಡುಕಿ ತೆಗೆದಿಡಿ. ಈಗ ಕಳೆದಿರುವ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೊ ಅವನ ಫೋನಿನಲ್ಲಿದೆ, ಆದರೆ ತಂದೆ ತಾಯಿಯ ಹೆಸರು, ವಿಳಾಸ, ಕಡತ ಸಂಖ್ಯೆ ಇರುವುದು ಕೊನೆಯ ಪುಟದಲ್ಲಿ, ಅದು ಅವನ ಬಳಿ ಇಲ್ಲ. ಭಾವ, ನೀವು ನಿನ್ನೆ ಗುಂಪಿಗೆ ಹಾಕಿದ ಜೆರಾಕ್ಸಿನ ಚಿತ್ರದಲ್ಲಿ ಆ ಪುಟ ಇರುವುದನ್ನು ಕಂಡು ನನಗೆ ಎಷ್ಟೋ ನಿರಾಳವಾಯಿತು. ನಾನು ಅದನ್ನು ಇಳಿಸಿಕೊಂಡಿದ್ದೇನೆ. ಇಷ್ಟು ಜನರಿರುವ ಗುಂಪಿನಲ್ಲಿ ಅದು ಇರುವುದು ಬೇಡ, ದಯವಿಟ್ಟು ಎಲ್ಲರಿಗೂ ಅಳಿಸಿಬಿಡಿ. ಹಣ ಕೊಟ್ಟರೆ ಎರಡೇ ದಿನದಲ್ಲಿ ಮಾಡಿಸಿಕೊಡುತ್ತೇವೆ ಎನ್ನುವ ಪರಿಚಯದವರ ಮೊಬೈಲ್ ಸಂಖ್ಯೆಗಳನ್ನು ಕೆಲವರು ಕಳುಹಿಸಿದ್ದೀರಿ, ನಿಮ್ಮ ಕಾಳಜಿಗೆ ಕೃತಜ್ಞತೆಗಳು, ಆದರೆ ಆ ದಾರಿ ನಮಗೆ ಬೇಡ.

ಅವನು ಯಾವ ದಾರಿ ಹಿಡಿದರೂ ಪರಿಶೀಲನೆಗೆಂದು ಪೊಲೀಸರು ನಿಮ್ಮ ಮನೆಗೆ ಬರಬಹುದು. ಬಂದರೆ ಗಾಬರಿಯಾಗಬೇಡಿ. ಇದ್ದದ್ದನ್ನು ಇದ್ದ ಹಾಗೆಯೇ ಹೇಳಿ: ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ, ಪಾಸ್‌ಪೋರ್ಟು ಫ್ರಾಂಕ್‌ಫರ್ಟಿನಲ್ಲಿ ಕಳೆಯಿತು, ದೂರು ಕೊಟ್ಟಿದ್ದಾನೆ. ಪರಿಶೀಲನೆ ಬೇಗ ಮುಗಿಯಲಿ ಎಂದು ಯಾರಾದರೂ "ಅವನು ಇಲ್ಲೇ ಇರುತ್ತಾನೆ ಎಂದುಬಿಡಿ" ಎಂದು ಸಲಹೆ ಕೊಟ್ಟರೆ ಒಪ್ಪಬೇಡಿ. ವರದಿಯಲ್ಲಿ ಅದು ಬಂದರೆ ಅರ್ಜಿ ಅಲ್ಲಿಗೇ ಸಿಕ್ಕಿಕೊಳ್ಳುತ್ತದೆ.

ಪುಟ್ಟಿ ಕೇಳಿದ್ದ ಸೂಟ್‌ಕೇಸಿನ ವಿಷಯ ಹೇಳುವುದನ್ನು ಮರೆತಿದ್ದೆ. ಪ್ರಯಾಣಿಕ ಹತ್ತದಿದ್ದರೆ ಅವನ ಸಾಮಾನನ್ನು ವಿಮಾನದಿಂದ ಇಳಿಸುವುದು ನಿಯಮ, ಹಾಗಾಗಿ ಅವಳ ಸಾಮಾನು ಎಲ್ಲಿಯೂ ಹೋಗಿಲ್ಲ. ಇಂದು ನಿಲ್ದಾಣದಲ್ಲಿ ಟ್ಯಾಗಿನ ಚೀಟಿ ತೋರಿಸಿ ಅವನು ಅದನ್ನು ಬಿಡಿಸಿಕೊಳ್ಳುತ್ತಾನೆ. ಅವನು ಬರಲಾಗದಿದ್ದರೆ ಇಲ್ಲಿಂದ ಈ ವಾರ ಹೊರಡುವ ಕನ್ನಡಿಗರ ಕೈಯಲ್ಲಿ ಕಳುಹಿಸುವ ಜವಾಬ್ದಾರಿ ನನ್ನದು.

ಸೋಮವಾರ ನಾನು ರಜೆ ಹಾಕಿ ಅವನೊಂದಿಗೆ ಕಾನ್ಸುಲೇಟಿಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ, ಸಾಧ್ಯವಾದರೆ ನಾಳೆ ರಾತ್ರಿಯ ಒಳಗೆ, ಬೀರುವಿನಲ್ಲಿ ಆ ಹಳೆಯ ಪಾಸ್‌ಪೋರ್ಟು ಸಿಕ್ಕಿತೇ ಎಂಬುದನ್ನು ನನ್ನೊಬ್ಬನಿಗೆ ಪ್ರತ್ಯೇಕವಾಗಿ ತಿಳಿಸಿ, ಸಿಕ್ಕರೆ ಮೊದಲ ಮತ್ತು ಕೊನೆಯ ಪುಟಗಳ ಸ್ಪಷ್ಟ ಚಿತ್ರ ಕಳುಹಿಸಿ.