‘ನೈಬರ್ಸ್’ ಚಿತ್ರದಲ್ಲಿರುವಂತೆ ಮನುಷ್ಯರನ್ನು ತೇಲಿಸುವುದು ಹೇಗೆ?

ಪ್ರಶ್ನೆ | ಬೆಳ್ಳಿಪರದೆ
ನಾರ್ಮನ್ ಮ್ಯಾಕ್‌ಲಾರೆನ್ 1952ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗೆ ಮಾಡಿಕೊಟ್ಟ ಎಂಟು ನಿಮಿಷದ ‘ನೈಬರ್ಸ್’ನಲ್ಲಿ, ಒಂದು ಹೂವಿಗಾಗಿ ಬಡಿದಾಡುವ ಇಬ್ಬರು ನೆರೆಯವರು ಹುಲ್ಲಿನ ಮೇಲೆ ಕಾಲೂರದೆ ತೇಲಾಡುತ್ತಾರೆ. ಹೈಸ್ಕೂಲ್ ಮಕ್ಕಳ ಕೈಲಿ ಇದೇ ಬಗೆಯಲ್ಲಿ ಒಂದು ನಿಮಿಷದ ಚಿತ್ರ ಮಾಡಿಸಬೇಕು. ಮೊಬೈಲ್, ಟ್ರೈಪಾಡ್, ಮೈದಾನ ಇವೆ. ತೇಲಿಸುವುದು ಹೇಗೆ? ಸದ್ದಿಗೆ ಏನು ಮಾಡುವುದು? ಮೂಲ ಚಿತ್ರವನ್ನು ಪೂರ್ತಿ ತೋರಿಸಬಹುದೇ?

ಉತ್ತರ | ಚೌಕಟ್ಟು
ಇದಕ್ಕೆ ಪಿಕ್ಸಿಲೇಷನ್ ಅನ್ನುತ್ತಾರೆ. ಗೊಂಬೆಯನ್ನು ತುಸುತುಸುವೇ ಸರಿಸಿ ಫೋಟೋ ತೆಗೆದು ಚಲಿಸಿದಂತೆ ತೋರಿಸುವ ಸ್ಟಾಪ್ ಮೋಷನ್ ಇದೆಯಲ್ಲ, ಅದರಲ್ಲಿ ಗೊಂಬೆಯ ಜಾಗದಲ್ಲಿ ಮನುಷ್ಯ, ಒಂದು ಭಂಗಿಗೆ ಒಂದು ಫೋಟೋ. ತೇಲುವವರು ನಿಜಕ್ಕೂ ಜಿಗಿಯುತ್ತಾರೆ. ಜಿಗಿತದ ತುದಿಯಲ್ಲಷ್ಟೇ ಫೋಟೋ. ಆಮೇಲೆ ಅಂಗೈಯಗಲ ಮುಂದೆ ಸರಿದು ಮತ್ತೆ ಜಿಗಿತ.

ಸೆಕೆಂಡಿಗೆ 12 ಫ್ರೇಮ್ ಸಾಕು, ಅಂದರೆ ನಿಮಿಷಕ್ಕೆ 720 ಫೋಟೋ. ಎರಡು ಸೆಕೆಂಡು ತೇಲಿಸಲು 24 ಜಿಗಿತ ಬೇಕು. ಮಗು ದಣಿದಂತೆ ಜಿಗಿತ ತಗ್ಗುತ್ತದೆ, ಪರದೆಯ ಮೇಲೆ ಪಾತ್ರ ನೆಲಕ್ಕಿಳಿದಂತೆ ಕಾಣುತ್ತದೆ. ಆರಾರು ಜಿಗಿತಕ್ಕೊಮ್ಮೆ ವಿಶ್ರಾಂತಿ ಕೊಡಿ. ಮೇಲಿದ್ದಾಗ ಮೊಣಕಾಲು, ಕೈ, ಮುಖಭಾವ ಪ್ರತಿ ಸಲವೂ ಒಂದೇ ಥರ ಇರಲಿ. ಮೊಬೈಲಿನ ಬಟನ್ ಒತ್ತಿದ ಕ್ಷಣಕ್ಕೂ ಚಿತ್ರ ಸೆರೆಯಾಗುವುದಕ್ಕೂ ತುಸು ಅಂತರವಿರುತ್ತದೆ. ಹಾಗಾಗಿ ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಸರಸರನೆ ಫೋಟೋ ತೆಗೆಯುವ ಮೋಡ್) ತೆಗೆದು ತುದಿಯ ಫೋಟೋ ಆರಿಸಿಕೊಳ್ಳಿ. ಶಟರ್ ವೇಗ 1/500 ಸೆಕೆಂಡು ಅಥವಾ ಅದಕ್ಕಿಂತ ವೇಗವಾಗಿರಲಿ.

ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರೂ ತಾನಾಗಿ ಬದಲಾಗದಂತೆ ಲಾಕ್ ಮಾಡದಿದ್ದರೆ ಚಿತ್ರ ಮಿಣುಕುತ್ತದೆ. ಲಾಕ್ ಮಾಡಿದರೂ ಮೋಡ ಬಂದರೆ ಅದೇ ಗತಿ, ಬಿಸಿಲು ಮರಳುವವರೆಗೆ ಕಾಯಿರಿ. ಒಂದು ಶಾಟನ್ನು ಅರ್ಧ ಗಂಟೆಯೊಳಗೆ ಮುಗಿಸಿ, ಇಲ್ಲವಾದರೆ ನೆರಳು ಓಡುತ್ತದೆ. ಪಾದಕ್ಕೂ ನೆರಳಿಗೂ ನಡುವಿನ ಅಂತರವೇ ತೇಲುವಿಕೆಯನ್ನು ನಂಬಿಸುವುದು, ಆದ್ದರಿಂದ ನೆರಳನ್ನು ಚೌಕಟ್ಟಿನಿಂದ ಹೊರಗಿಡಬೇಡಿ.

ಉತ್ತರ | ನಾದಪಟ್ಟಿ
ಆ ಚಿತ್ರದ ಸಂಗೀತಕ್ಕೆ ವಾದ್ಯವೇ ಇಲ್ಲ. ಗೆರೆಗಳಿದ್ದ ಕಾರ್ಡುಗಳನ್ನು ಫಿಲ್ಮಿನ ಧ್ವನಿಪಟ್ಟಿಯ (ಫಿಲ್ಮಿನ ಅಂಚಿನಲ್ಲಿ ಸದ್ದು ದಾಖಲಾಗುವ ಪಟ್ಟಿ) ಮೇಲೆ ಫೋಟೋ ತೆಗೆದು ಮ್ಯಾಕ್‌ಲಾರೆನ್ ಸ್ವರ ಹುಟ್ಟಿಸಿದರು: ಗೆರೆ ಒತ್ತಾದಷ್ಟೂ ಸ್ವರ ಏರುತ್ತದೆ. ನೀವು ಆಡಾಸಿಟಿ ಎಂಬ ಧ್ವನಿ ಸಂಕಲನದ ಸಾಫ್ಟ್‌ವೇರಿನಲ್ಲಿ ಸ್ಕ್ವೇರ್ ವೇವ್ ಟೋನ್‌ಗಳನ್ನು (ಯಂತ್ರದಂತೆ ಗುಂಯ್‌ಗುಡುವ ಸ್ವರಗಳು) ತಯಾರಿಸಿ. 12 ಫ್ರೇಮ್ ಲೆಕ್ಕದಲ್ಲಿ ಆರು ಫ್ರೇಮ್ ಅಂದರೆ ಅರ್ಧ ಸೆಕೆಂಡು. ಹೊಡೆತ ಯಾವ ಫ್ರೇಮಿನಲ್ಲಿ ಬೀಳುತ್ತದೆಂದು ಮೊದಲೇ ಬರೆದಿಟ್ಟುಕೊಂಡರೆ ಸದ್ದು ಕೂಡಿಸುವುದು ಸುಲಭ.

ಉತ್ತರ | ಬೇಲಿಯಾಚೆ
ಪೂರ್ತಿ ತೋರಿಸುವ ಮುನ್ನ ನೀವೊಮ್ಮೆ ನೋಡಿ. ಕೊನೆಯಲ್ಲಿ ಇಬ್ಬರೂ ಪರಸ್ಪರರ ಮನೆ ಕೆಡವಿ ಹೆಂಡತಿ, ಮಗುವನ್ನೂ ಕೊಲ್ಲುತ್ತಾರೆ. ಹಿಂದೆ ಈ ಭಾಗವನ್ನು ಕತ್ತರಿಸಿ ಹಂಚಿದ್ದರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಮತ್ತೆ ಸೇರಿಸಿದರು. ನನ್ನ ಪ್ರಕಾರ ಒಂಬತ್ತು, ಹತ್ತನೇ ತರಗತಿಗೆ ತೋರಿಸಲೇಬೇಕು. ಅಲ್ಲಿಯವರೆಗೆ ನಗಿಸಿದ ಕುಣಿತವೇ ಕೊಲೆಗೂ ಬಳಕೆಯಾಗುತ್ತದೆ. ಆ ಭಾಗ ತೆಗೆದರೆ ಉಳಿಯುವುದು ಬರಿಯ ತಮಾಷೆ. ಚಿಕ್ಕವರಿಗಾದರೆ ಬೇಲಿ ಕಟ್ಟುವ ದೃಶ್ಯದವರೆಗೆ ಸಾಕು.

ಆ ಬೇಲಿಯ ದೃಶ್ಯ ಮಕ್ಕಳ ಮೊದಲ ಅಭ್ಯಾಸಕ್ಕೂ ಒಳ್ಳೆಯದು, ಜಿಗಿತ ಬೇಕಿಲ್ಲ. ಒಂದು ಗೂಟ ನೆಡಿ, ಚೌಕಟ್ಟಿನಿಂದ ಎಲ್ಲರೂ ಹೊರಬನ್ನಿ, ಎರಡು ಫೋಟೋ ತೆಗೆಯಿರಿ, ಮುಂದಿನ ಗೂಟ. ಪ್ರತಿ ಸಲ ಕ್ಯಾಮೆರಾ ಹಿಂದಿನ ಒಂದೇ ದಾರಿಯಲ್ಲಿ ಓಡಾಡಿ. ಇಲ್ಲದಿದ್ದರೆ ತುಳಿದ ಹುಲ್ಲು ಪರದೆಯ ತುಂಬ ಕುದಿಯುವಂತೆ ಅಲುಗಾಡುತ್ತದೆ.