ಅಪ್‌ಡೇಟ್: ಈರಿ ಸರೋವರದಲ್ಲಿ ವಾಲೈ ಮೀನು ಸಿಕ್ತು!

ಏಪ್ರಿಲ್‌ನಲ್ಲಿ ಅಮೆರಿಕ-ಕೆನಡಾ ಗಡಿಯ ಈರಿ ಸರೋವರದ ಪಶ್ಚಿಮ ಭಾಗದಲ್ಲಿ ವಾಲೈ ಮೀನು ಗಾಳಕ್ಕೆ ಬೀಳ್ತಾನೇ ಇಲ್ಲ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆನಲ್ಲ, ಕೊನೆಗೂ ಸಿಕ್ತು. "ಹೊತ್ತು ಮುಳುಗೋವಾಗ ನೀರೊಳಗಿನ ಕಲ್ಲುದಿಬ್ಬದ ಮೇಲೆ ಜಿಗ್ (ತಲೆಯಲ್ಲಿ ತೂಕ ಇರೋ ಗಾಳದ ಕೊಕ್ಕೆ) ಬಿಡಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ತಳಕ್ಕೆ ತಾಗಿಸಿ, ಗೇಣುದ್ದ ಎತ್ತಿ, ನಿಧಾನವಾಗಿ ಇಳಿಸ್ತಿದ್ದೆ. ಇಳಿಯುವಾಗಲೇ ದಾರ ಸಡಿಲಾಯ್ತು, ಎಳೆದರೆ ಒಳ್ಳೇ ಭಾರ! ಟ್ರೋಲಿಂಗ್, ಅಂದ್ರೆ ದೋಣಿ ಓಡಿಸ್ತಾ ಹಿಂದೆ ಗಾಳ ಎಳೆಯೋದು, ಮಾತ್ರ ನನಗೆ ಫಲ ಕೊಡಲಿಲ್ಲ. ನೀರು ಇನ್ನೂ 45 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಮೊಟ್ಟೆ ಇಡೋ ಕಾಲ, ಮೀನೆಲ್ಲ ದಿಬ್ಬದ ಹತ್ತಿರಾನೇ ಇರುತ್ತೆ.

ಟಾರ್ಚ್ ಹಾಕಿದಾಗ ಬಲೆಯಲ್ಲಿ ಅದರ ಕಣ್ಣು ಫಳ್ಳನೆ ಹೊಳೀತು. ಕಣ್ಣಿನೊಳಗೆ ಬೆಳಕು ಪ್ರತಿಫಲಿಸೋ ಪದರ ಇದೆಯಂತೆ, ಅದಕ್ಕೇ ಮಬ್ಬುಗತ್ತಲಲ್ಲೂ ಬೇಟೆಯಾಡುತ್ತೆ. ಎಷ್ಟು ಚೆಂದದ ಮೀನು!

ಇನ್ನು ಸ್ಮಾಲ್‌ಮೌತ್ ಬಾಸ್ ಮೀನಿಗೆ ನೀರು 60 ಡಿಗ್ರಿ ಹತ್ತಿರ ಬರಲಿ, ಮೇ ತಿಂಗಳಲ್ಲಿ ಟ್ಯೂಬ್ ಜಿಗ್ (ಕೊಳವೆಯಂಥ ಮೆತ್ತನೆ ಕೃತಕ ಎರೆ ಇರೋ ಜಿಗ್) ಹಿಡಿದು ಹೊರಡ್ತೀನಿ.